'ಇಲ್ರೀ' ಅಂದದ್ದನ್ನು ಯಾರೂ ಬರೆದಿಡಲ್ಲ

ಶಾಪಿಂಗ್ ಆ್ಯಪ್‌ನಲ್ಲಿ ಏನೋ ಹುಡುಕ್ತೀರಿ, ಸಿಗಲ್ಲ. 'ಯಾವ ಫಲಿತಾಂಶವೂ ಇಲ್ಲ' ಅಂತ ಬರುತ್ತೆ. ನೀವು ಆ್ಯಪ್ ಮುಚ್ಚಿ ಮರೆತುಬಿಡ್ತೀರಿ. ಆದರೆ ಆ ಕಂಪನಿ ಮರೆಯಲ್ಲ. ಯಾವ ಪದ ಹುಡುಕಿದಿರಿ, ಎಷ್ಟು ಹೊತ್ತಿಗೆ, ಯಾವ ಊರಿಂದ ಎಂಬುದೆಲ್ಲ ಅವರ ಹತ್ತಿರ ದಾಖಲಾಗಿರುತ್ತೆ. ಆ ಪಟ್ಟಿಗೆ ನಮ್ಮ ಕಸುಬಿನಲ್ಲಿ ಬಹಳ ಬೆಲೆ. ಜನ ಕೊಂಡದ್ದನ್ನು ನೋಡಿದರೆ ಅಂಗಡಿಯಲ್ಲಿ ಏನಿದೆ ಅಂತ ಗೊತ್ತಾಗುತ್ತೆ. ಜನ ಹುಡುಕಿ ಸಿಗದೇ ಹೋದದ್ದನ್ನು ನೋಡಿದರೆ ಅಂಗಡಿಯಲ್ಲಿ ಏನಿರಬೇಕಿತ್ತು ಅಂತ ಗೊತ್ತಾಗುತ್ತೆ.

ಈಗ ನಮ್ಮೂರಿನ ಯಾವುದೇ ಗ್ರಂಥಾಲಯದ ಕೌಂಟರ್ ನೆನಪಿಸಿಕೊಳ್ಳಿ.

"ಸರ್, ಕಡಕೋಳ ಮಡಿವಾಳಪ್ಪನ ತತ್ವಪದದ ಹಳೇ ಪುಸ್ತಕ ಅದೇನ್ರಿ?"

"ಇಲ್ರೀ. ಇದ್ದದ್ದೆಲ್ಲ ಆ ರ‍್ಯಾಕಿನಾಗ ಅದ, ನೋಡ್ರಿ."

ಮಾತು ಅಲ್ಲಿಗೆ ಮುಗಿಯಿತು. ಕೇಳಿದವರು ಹೊರಗೆ ಹೋದರು, ಹೇಳಿದವರು ಪತ್ರಿಕೆ ಜೋಡಿಸೋಕೆ ಹೋದರು. ಇಂಥ ಪುಸ್ತಕ ಒಬ್ಬರಿಗೆ ಬೇಕಿತ್ತು ಅನ್ನೋದು ಎಲ್ಲೂ ಉಳಿಯಲಿಲ್ಲ. ಇದರಲ್ಲಿ ಕೌಂಟರಿನವರ ತಪ್ಪೇನಿಲ್ಲ. ಅವರ ಮುಂದೆ ಇರೋ ರಿಜಿಸ್ಟರಿನಲ್ಲಿ 'ಕೊಟ್ಟದ್ದು' ಬರೆಯೋಕೆ ಕಾಲಂ ಇದೆ, 'ಕೊಡಲಾಗದ್ದು' ಬರೆಯೋಕೆ ಇಲ್ಲ.

ಈ ವಾರ ಆ ಇಲ್ಲದ ಕಾಲಂ ಬಗ್ಗೆ ಬರೀತಿದ್ದೀನಿ. ಅದಕ್ಕೂ ಅಂತರ ಗ್ರಂಥಾಲಯ ಎರವಲು ಸೇವೆ ಅನ್ನೋ ಉದ್ದ ಹೆಸರಿನ ಒಂದು ಸಣ್ಣ ವ್ಯವಸ್ಥೆಗೂ ನೇರ ಸಂಬಂಧ ಇದೆ.

ಏನಿದು ಎರವಲು?

ವಿಷಯ ಸರಳ. ನಿಮಗೆ ಬೇಕಾದ ಪುಸ್ತಕ ನಿಮ್ಮ ಗ್ರಂಥಾಲಯದಲ್ಲಿ ಇಲ್ಲ, ಬೇರೆ ಗ್ರಂಥಾಲಯದಲ್ಲಿ ಇದೆ. ನೀವು ಅಲ್ಲಿಗೆ ಹೋಗಬೇಕಿಲ್ಲ. ನಿಮ್ಮ ಗ್ರಂಥಾಲಯವೇ ಅವರಿಗೆ ಕೇಳಿ ತರಿಸುತ್ತೆ, ನೀವು ಓದಿ ಮರಳಿಸ್ತೀರಿ, ಅದು ವಾಪಸ್ ಹೋಗುತ್ತೆ. ಅವರು ಸಾಲ ಕೊಡೋದು ನಿಮಗಲ್ಲ, ನಿಮ್ಮ ಗ್ರಂಥಾಲಯಕ್ಕೆ. ಪುಸ್ತಕ ಹರಿದರೆ, ಕಳೆದರೆ ಅವರಿಗೆ ಉತ್ತರ ಹೇಳಬೇಕಾದದ್ದು ನಿಮ್ಮ ಗ್ರಂಥಾಲಯ. ನಂಬಿಕೆ ಇರೋದು ಎರಡು ಸಂಸ್ಥೆಗಳ ನಡುವೆ.

ಇದು ದೊಡ್ಡ ವಿದ್ವಾಂಸರಿಗಾಗಿ ಇರೋ ಸೌಲಭ್ಯ ಅಂತ ಅನ್ನಿಸಬಹುದು. ಇತಿಹಾಸ ಅಷ್ಟನ್ನೇ ಹೇಳಲ್ಲ. 1916ರಲ್ಲಿ ಲಂಡನ್ನಿನಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಅನ್ನುವವರು 'ಸೆಂಟ್ರಲ್ ಲೈಬ್ರರಿ ಫಾರ್ ಸ್ಟೂಡೆಂಟ್ಸ್' ಶುರು ಮಾಡಿದರು. ಅದು ಕಾಲೇಜು ಹುಡುಗರಿಗಾಗಿ ಅಲ್ಲ. ಹಗಲು ದುಡಿದು ಸಂಜೆ ತರಗತಿಗೆ ಬರ್ತಿದ್ದ ಕಾರ್ಮಿಕರಿಗೆ ಪುಸ್ತಕ ಕೊಳ್ಳೋ ಶಕ್ತಿ ಇರಲಿಲ್ಲ, ಅವರ ಊರಿನ ಗ್ರಂಥಾಲಯದಲ್ಲಿ ಅವು ಸಿಗ್ತಿರಲಿಲ್ಲ. ಅವರಿಗೆ ಪುಸ್ತಕ ಕಳಿಸೋಕೆ ಹುಟ್ಟಿದ ಈ ಸಂಸ್ಥೆ ಮುಂದೆ 'ನ್ಯಾಷನಲ್ ಸೆಂಟ್ರಲ್ ಲೈಬ್ರರಿ' ಆಯಿತು, 1973ರಲ್ಲಿ ಬ್ರಿಟಿಷ್ ಲೈಬ್ರರಿಯೊಳಗೆ ಸೇರಿತು.

ನಮ್ಮ ದೇಶದಲ್ಲೂ ಇದೇ ಯೋಚನೆ ಹಳೆಯದೇ. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಅನ್ನುವ ಗ್ರಂಥಪಾಲಕರನ್ನು ಕರೆಸಿದರು. ಅವರ ಕಾಲದಲ್ಲಿ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಸಂಚಾರಿ ಗ್ರಂಥಾಲಯ ನಡೀತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಕಡೆ ಎತ್ತಿನ ಗಾಡಿಯಲ್ಲಿ ಪುಸ್ತಕ ಊರೂರು ಸುತ್ತಿದವು. ಅದೇ ವರ್ಷ ಎಸ್.ಆರ್. ರಂಗನಾಥನ್ ತಮ್ಮ ಐದು ಗ್ರಂಥಾಲಯ ಸೂತ್ರಗಳ ಪುಸ್ತಕ ಹೊರತಂದರು. ಓದುಗನಿಗೆ ತನ್ನ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ತನ್ನ ಓದುಗ ಸಿಗಬೇಕು, ಓದುಗನ ಸಮಯ ಹಾಳಾಗಬಾರದು ಅನ್ನೋದು ಅದರ ತಿರುಳು. ಇದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗಾಗಿ ಡಿಆರ್‌ಟಿಸಿ ಕೇಂದ್ರ ಕಟ್ಟಿದರು.

ಅಂದರೆ ಇಂಥ ಪ್ರಯತ್ನಗಳು ದೂರದಲ್ಲಿರೋರಿಗೆ, ದುಡ್ಡು ಕಮ್ಮಿ ಇರೋರಿಗೆ ಅಂತಲೂ ಹುಟ್ಟಿದ್ದವು.

ಈಗ ಬಳಸೋರು ಯಾರು?

ಇವತ್ತು ಭಾರತದಲ್ಲಿ ಈ ಕೆಲಸ ಮಾಡೋ ದೊಡ್ಡ ಜಾಲಗಳಲ್ಲಿ ಒಂದು ಡೆಲ್ನೆಟ್. 1988ರಲ್ಲಿ ದೆಹಲಿಯ ಗ್ರಂಥಾಲಯಗಳ ಜಾಲವಾಗಿ ಶುರುವಾಗಿ, 1992ರಲ್ಲಿ ಸೊಸೈಟಿಯಾಗಿ ನೋಂದಣಿಯಾಯಿತು. ಈಗ ದೇಶದ ಸಾವಿರಾರು ಸಂಸ್ಥೆಗಳು ಅದರ ಸದಸ್ಯರು. ಯಾವ ಪುಸ್ತಕ ಯಾವ ಸದಸ್ಯರ ಹತ್ತಿರ ಇದೆ ಅಂತ ಒಂದೇ ಕಡೆ ಹುಡುಕಬಹುದು, ಅಲ್ಲಿಂದ ಎರವಲು ಕೇಳಬಹುದು. ವಿಶ್ವವಿದ್ಯಾಲಯಗಳಿಗೆ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ಇದೆ. ಅದರ 'ಇಂಡ್‌ಕ್ಯಾಟ್' ಸಂಯುಕ್ತ ಸೂಚಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.

ಇಂಥ ಸೇವೆಯ ಬಳಕೆದಾರರು ಯಾರು ಅಂತ ಲೆಕ್ಕ ತೆಗೆದರೆ ಸಿಗೋ ಉತ್ತರ ಊಹಿಸೋಕೆ ಕಷ್ಟ ಇಲ್ಲ: ಪಿಎಚ್‌ಡಿ ಮಾಡೋರು, ಪ್ರಾಧ್ಯಾಪಕರು, ಎಂಜಿನಿಯರಿಂಗ್ ಕಾಲೇಜಿನವರು. ಆಮೇಲೆ ಸಭೆಯಲ್ಲಿ ಯಾರೋ ಒಬ್ಬರು ಹೇಳ್ತಾರೆ: "ಸಾಮಾನ್ಯ ಓದುಗರು ಇದನ್ನ ಬಳಸೋದೇ ಇಲ್ಲ, ಅವರಿಗೆ ಬೇಕಾಗೂ ಇಲ್ಲ."

ಇಲ್ಲೇ ನನ್ನಂಥ ಎಂಜಿನಿಯರ್ ಕೈ ಎತ್ತಬೇಕು. ಬಳಸಿದವರ ಪಟ್ಟಿ ಹೇಳೋದು ಯಾರಿಗೆ ಬಾಗಿಲು ಕಾಣಿಸ್ತು ಅನ್ನೋದನ್ನ ಮಾತ್ರ. ವಿಶ್ವವಿದ್ಯಾಲಯದಲ್ಲಿ ಹೀಗೊಂದು ಸೇವೆ ಇದೆ ಅಂತ ಮಾರ್ಗದರ್ಶಕರು ಹೇಳಿಕೊಡ್ತಾರೆ. ಬಡಾವಣೆಯ ಓದುವ ಕೋಣೆಗೆ ಬರೋರಿಗೆ ಅದನ್ನ ಹೇಳೋರು ಯಾರು? ಗೊತ್ತಿಲ್ಲದ ಸೇವೆಯನ್ನು ಯಾರೂ ಬಳಸಲ್ಲ. ಬಳಸಲಿಲ್ಲ ಅನ್ನೋದನ್ನೇ ಬೇಡ ಅಂದರು ಅಂತ ಓದಿಕೊಂಡರೆ ಲೆಕ್ಕ ತಪ್ಪುತ್ತೆ.

ಕೋಟೆಯಿಂದ ಕಮಲಾಪುರದವರೆಗೆ

ನಾನು ಇರೋದು ಕಲಬುರಗಿ ಕೋಟೆ ಕಡೆ. ಕಂಪನಿ ಬೆಂಗಳೂರಿನದು, ಕೆಲಸ ಹೆಚ್ಚುಪಾಲು ಮನೆಯಿಂದ. ಕರೆಂಟು, ನೆಟ್ಟು ಕೈಕೊಟ್ಟಾಗ, ಕೆಲವು ಸಲ ಸುಮ್ಮನೆ ಮನೆಯಿಂದ ತಪ್ಪಿಸಿಕೊಳ್ಳೋಕೂ, ಓದುವ ಕೋಣೆಗೆ ಹೋಗಿ ಕೂರ್ತೀನಿ. ಈಚೆಗೆ ಅಲ್ಲಿಗೆ ಬರೋರ ಹತ್ತಿರ ಒಂದೇ ಪ್ರಶ್ನೆ ಕೇಳ್ತಾ ಬಂದೆ: "ಇಲ್ಲಿ ಸಿಗದೇ ಇರೋ ಪುಸ್ತಕ ಯಾವುದು ಬೇಕಿತ್ತು?" ಹೆಸರು ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಹೆಚ್ಚು ಜನ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು. ಕೆಪಿಎಸ್‌ಸಿ, ಪಿಎಸ್‌ಐ, ಪಿಡಿಒ, ಶಿಕ್ಷಕರ ನೇಮಕಾತಿ. ಇವರಿಗೆ ಬೇಕಾದ ಪುಸ್ತಕ ಅಪರೂಪದ್ದಲ್ಲ, ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಇಲ್ಲಿ ಒಂದೇ ಪ್ರತಿ ಇದೆ, ಅದೂ ಹಳೇ ಆವೃತ್ತಿ. ಒಬ್ಬ ಹುಡುಗ ಹೇಳಿದ: "ಅಣ್ಣಾ, ಪುಸ್ತಕ ಅದ. ಅದು ಯಾವಾಗ ನೋಡಿದ್ರೂ ಯಾರದ್ದಾದ್ರೂ ಕೈಯಾಗೇ ಇರ್ತದ." ಇವರಿಗೆ ಎರವಲು ಸೇವೆ ಕೊಟ್ಟು ಉಪಯೋಗ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಊರಿನ ಗ್ರಂಥಾಲಯದಲ್ಲೂ ಅದೇ ಪುಸ್ತಕಕ್ಕೆ ಅದೇ ಸಾಲು ಇರುತ್ತೆ. ಇವರಿಗೆ ಬೇಕಾದದ್ದು ಹೆಚ್ಚು ಪ್ರತಿ, ಹೆಚ್ಚು ಕುರ್ಚಿ, ರಾತ್ರಿ ಒಂಬತ್ತರ ತನಕ ಉರಿಯೋ ದೀಪ.

ಎರವಲು ಬೇಕಾದೋರು ಬೇರೆ. ಅವರು ಒಬ್ಬೊಬ್ಬರೇ ಬರ್ತಾರೆ, ಒಬ್ಬರ ಹಾಗೆ ಇನ್ನೊಬ್ಬರು ಇರಲ್ಲ.

ಒಬ್ಬರು ಕಮಲಾಪುರ ಕಡೆಯ ಶಾಲಾ ಮಾಸ್ತರರು. ಊರಿನ ಭಜನಾ ಮಂಡಳಿಯ ಹಿರಿಯರು ಹಾಡೋ ತತ್ವಪದಗಳನ್ನು ಮಕ್ಕಳ ಕೈಲಿ ಬರೆಸ್ತಿದ್ದಾರೆ. ಕಡಕೋಳ ಮಡಿವಾಳಪ್ಪನವರು 19ನೇ ಶತಮಾನದವರು, ಅವರ ಪದಗಳು ಇವತ್ತಿಗೂ ನಮ್ಮ ಕಡೆ ಬಾಯಿಂದ ಬಾಯಿಗೆ ಹರಿದಾಡ್ತವೆ. ಒಂದೊಂದು ಊರಲ್ಲಿ ಒಂದೊಂದು ಪಾಠ. ಹೋಲಿಸಿ ನೋಡೋಕೆ ಮಾಸ್ತರರಿಗೆ ದಶಕಗಳ ಹಿಂದೆ ಸಣ್ಣ ಪ್ರೆಸ್‌ನಲ್ಲಿ ಅಚ್ಚಾದ ಸಂಗ್ರಹ ಬೇಕು. ಅಂಗಡಿಯಲ್ಲಿ ಇಲ್ಲ, ಆನ್‌ಲೈನ್‌ನಲ್ಲೂ ಇಲ್ಲ.

ಇನ್ನೊಬ್ಬರು ಕೋಟೆ ಹತ್ತಿರದ ನಿವೃತ್ತ ನೌಕರರು, ನಾನು ಚಾಚಾ ಅಂತೀನಿ. ಬಹಮನಿ ಕಾಲದ ಬಗ್ಗೆ ಉರ್ದುವಿನಲ್ಲಿ ಅಚ್ಚಾದ ಹಳೇ ಪುಸ್ತಕ ಹುಡುಕ್ತಿದ್ದಾರೆ. 1367ರ ಜಾಮಿ ಮಸೀದಿ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಅದರ ಬಗ್ಗೆ ಕೂತು ಓದೋಣ ಅಂದರೆ ಪುಸ್ತಕ ಹೈದರಾಬಾದಿನಲ್ಲಿದೆ ಅಂತ ಅವರ ದೂರು.

ಮೂರನೆಯವರು ಸೊಲ್ಲಾಪುರದಿಂದ ಇಲ್ಲಿಗೆ ಸೊಸೆಯಾಗಿ ಬಂದ ಅಕ್ಕ. ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡ್ತಾರೆ, ಪತ್ರಿಕೆ ಓದ್ತಾರೆ, ಆದರೆ ಕಾದಂಬರಿಯನ್ನ ಮರಾಠಿಯಲ್ಲೇ ಓದಬೇಕು ಅಂತ ಆಸೆ. "ಒಂದ್ಸಲ ಕೇಳಿದ್ದೆ, ಇಲ್ಲ ಅಂದ್ರು. ಮತ್ತ ಕೇಳಲಿಲ್ಲ." ಹೋದ ಕಡೆ ನಾನು ಈ ಮಾತನ್ನ ಒಂದಲ್ಲ ಒಂದು ರೂಪದಲ್ಲಿ ಕೇಳ್ತಾನೇ ಇದ್ದೀನಿ. ಒಂದು ಸಲ 'ಇಲ್ಲ' ಅನ್ನಿಸಿಕೊಂಡವರು ಎರಡನೇ ಸಲ ಕೇಳೋದು ಕಮ್ಮಿ.

ಈ ಮೂವರೂ ಯಾವ ಸೇವೆಯ 'ಬಳಕೆದಾರ'ರ ಪಟ್ಟಿಯಲ್ಲೂ ಇಲ್ಲ. ಎರವಲು ಅನ್ನೋದು ಬೇಕಾಗಿರೋದೇ ಇವರಂಥವರಿಗೆ.

ನಮ್ಮ ಪುಸ್ತಕ ಬೇರೆ ರಾಜ್ಯದಲ್ಲಿ

ಚಾಚಾ ಮತ್ತು ಅಕ್ಕನ ಕಥೆಯಲ್ಲಿ ನಮ್ಮ ಭಾಗದ ಒಂದು ವಿಶೇಷ ಇದೆ. ಕಲಬುರಗಿ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಮೇಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಆ ಕಾಲದ ಸರ್ಕಾರಿ ವರದಿ, ಉರ್ದು ಪುಸ್ತಕಗಳನ್ನು ಹುಡುಕಬೇಕಾದ ಮೊದಲ ಜಾಗ ಹೈದರಾಬಾದ್. ಅಲ್ಲಿನ ಅಫ್ಜಲ್‌ಗಂಜ್‌ನಲ್ಲಿರೋ ರಾಜ್ಯ ಕೇಂದ್ರ ಗ್ರಂಥಾಲಯ 1891ರಲ್ಲಿ ಆಸಫಿಯಾ ಗ್ರಂಥಾಲಯವಾಗಿ ಶುರುವಾದದ್ದು.

ನಕ್ಷೆ ನೋಡಿ. ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಹೈದರಾಬಾದ್ ಸುಮಾರು 220, ಬೆಂಗಳೂರು ಸುಮಾರು 600. ನಮ್ಮ ಗ್ರಂಥಾಲಯ ವ್ಯವಸ್ಥೆ ನಡೆಯೋದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೇಲೆ. ಅದರ ಕೈ ರಾಜ್ಯದ ಗಡಿ ತನಕ. ಓದುಗರ ಭಾಷೆ, ಬಂಧುತ್ವ, ಇತಿಹಾಸ ಗಡಿ ದಾಟಿ ಹೋಗಿವೆ. ಬೀದರ್, ಬೆಳಗಾವಿ, ಕಾಸರಗೋಡು, ಅಕ್ಕಲಕೋಟೆ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಕ್ಕಲಕೋಟೆಯ ಕನ್ನಡಿಗರಿಗೆ ಕನ್ನಡ ಪುಸ್ತಕದ್ದು ಇದೇ ಕಷ್ಟ, ದಿಕ್ಕು ಮಾತ್ರ ತಿರುವುಮುರುವು. ಎರಡೂ ಕಡೆಯ ಗ್ರಂಥಾಲಯಗಳು ವರ್ಷಕ್ಕೆರಡು ಸಲ ಒಂದೊಂದು ಪೆಟ್ಟಿಗೆ ಅದಲುಬದಲು ಮಾಡಿಕೊಂಡರೆ ಎಷ್ಟೋ ಮನೆಗೆ ಓದು ತಲುಪುತ್ತೆ. ನೂರು ವರ್ಷದ ಹಿಂದೆ ಬರೋಡಾದಲ್ಲಿ ಮರದ ಪೆಟ್ಟಿಗೆ ಹೋಗ್ತಿತ್ತು. ಈಗ ರಟ್ಟಿನ ಪೆಟ್ಟಿಗೆಯೇ ಸಾಕು.

"ಎಲ್ಲಾ ಆನ್‌ಲೈನ್ ಅದಲ್ಲ?"

ಗೆಳೆಯರು ತಕ್ಷಣ ಕೇಳೋ ಪ್ರಶ್ನೆ ಇದು. ಅರ್ಧ ನಿಜ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಗಿದೆ. ಐಐಟಿ ಖರಗ್‌ಪುರ ನಡೆಸೋ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. 'ಶೋಧಗಂಗಾ'ದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧಗಳೂ ಉಚಿತವಾಗಿ ಸಿಗುತ್ತವೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೇ ಕನ್ನಡ ಪುಸ್ತಕ ಇವೆ.

ಆದರೆ ಮಧ್ಯದಲ್ಲಿ ಒಂದು ದೊಡ್ಡ ಹಳ್ಳ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. 1920ರ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಾಕೋಕೆ ಸಾಮಾನ್ಯವಾಗಿ ತೊಂದರೆ ಇರಲ್ಲ. 2020ರ ಪುಸ್ತಕ ಅಂಗಡಿಯಲ್ಲೇ ಸಿಗುತ್ತೆ. 1975ರಲ್ಲಿ ಐನೂರು ಪ್ರತಿ ಅಚ್ಚಾಗಿ, ಮರುಮುದ್ರಣವೇ ಆಗದ ಪುಸ್ತಕ? ಅದನ್ನು ಕೊಳ್ಳೋಕಾಗಲ್ಲ, ಸ್ಕ್ಯಾನ್ ಮಾಡಿ ಹಾಕೋಕೂ ಆಗಲ್ಲ. ಯಾವುದೋ ಕಾಲೇಜಿನ ರ‍್ಯಾಕಿನಲ್ಲಿ ದೂಳು ತಿಂತಾ ಕೂತಿರುತ್ತೆ. ನಮ್ಮ ಜಿಲ್ಲೆಗಳ ಸ್ಥಳೀಯ ಇತಿಹಾಸ, ಜಾನಪದ ಸಂಗ್ರಹ, ಸ್ಮರಣ ಸಂಚಿಕೆಗಳಲ್ಲಿ ಬಹಳಷ್ಟು ಈ ಹಳ್ಳದೊಳಗೇ ಬಿದ್ದಿವೆ. ಎರವಲು ಸೇವೆ ಈ ಹಳ್ಳಕ್ಕೆ ಹಾಕಿದ ಸೇತುವೆ.

ಕಾನೂನಿನಲ್ಲೂ ಒಂದು ಕಿಟಕಿ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕ ಆಗಿದ್ದರೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ 3ರ ತನಕ ಪ್ರತಿ ಮಾಡಿಸಿಕೊಳ್ಳಬಹುದು. ಮೂಲ ಪ್ರತಿ ಜೀರ್ಣವಾಗಿದೆ, ಕಳಿಸೋಕೆ ಆಗಲ್ಲ ಅನ್ನೋ ಸಂದರ್ಭಕ್ಕೆ ಇದು ಉಪಯೋಗದ ಮಾತು.

ಹುಡುಕೋದೇ ಒಂದು ತಲೆನೋವು

ಇದು ನನ್ನ ಕಸುಬಿನ ವಿಷಯ, ಅದಕ್ಕೆ ಸ್ವಲ್ಪ ಎಳೀತೀನಿ. ಪುಸ್ತಕ ಇದ್ದರೂ 'ಇಲ್ಲ' ಅನ್ನಿಸಿಕೊಳ್ಳೋಕೆ ಕನ್ನಡದಲ್ಲಿ ಒಂದು ಸುಲಭ ದಾರಿ ಇದೆ: ಕಾಗುಣಿತ. ಬಹಳ ಕಡೆ ಕನ್ನಡ ಪುಸ್ತಕದ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಕಂಪ್ಯೂಟರಿಗೆ ಏರಿಸಿದ್ದಾರೆ. ಮಡಿವಾಳಪ್ಪ ಅನ್ನೋ ಹೆಸರಿಗೆ ಒಬ್ಬರು 'ವಿ' ಹಾಕಿದರೆ ಇನ್ನೊಬ್ಬರು 'ಡಬ್ಲ್ಯು' ಹಾಕಿರ್ತಾರೆ. ತತ್ವಪದಕ್ಕೆ ಒಂದು 'ಟಿ'ನೋ ಎರಡೋ? ಕನ್ನಡದಲ್ಲೇ ಹುಡುಕಿದರೂ 'ತತ್ವ', 'ತತ್ತ್ವ' ಬೇರೆ ಬೇರೆ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾಗಿದ್ದರೆ ಯೂನಿಕೋಡ್ ಹುಡುಕಾಟಕ್ಕೆ ಅದು ಕಾಣಿಸೋದೇ ಇಲ್ಲ.

ಹಾಗಾಗಿ 'ಫಲಿತಾಂಶ ಇಲ್ಲ' ಅಂದರೆ 'ಪುಸ್ತಕ ಇಲ್ಲ' ಅಂತಲೇ ಅರ್ಥ ಅಲ್ಲ. ನಾಲ್ಕೈದು ರೀತಿ ಬರೆದು ನೋಡಿ. ಲೇಖಕರ ಹೆಸರಿನಲ್ಲಿ, ಪ್ರಕಾಶಕರ ಹೆಸರಿನಲ್ಲಿ ಹುಡುಕಿ. ಆಮೇಲೂ ಸಿಗದಿದ್ದರೆ ಅನುಭವಿ ಗ್ರಂಥಪಾಲಕರನ್ನೇ ಕೇಳಿ. ಒಂದೇ ಪುಸ್ತಕದ ಹತ್ತು ಹೆಸರು ಅವರ ತಲೆಯಲ್ಲಿರುತ್ತೆ.

'ಇಲ್ಲ' ಪುಸ್ತಕ

ಹಾಗಾದರೆ ಯಾರಿಗೆ ಈ ಸೇವೆ ಬೇಕು ಅಂತ ತಿಳಿಯೋದು ಹೇಗೆ? ನನ್ನ ಉತ್ತರಕ್ಕೆ ಆ್ಯಪ್ ಬೇಡ, ಡ್ಯಾಶ್‌ಬೋರ್ಡ್ ಬೇಡ. ನಲವತ್ತು ರೂಪಾಯಿಯ ಒಂದು ಲಾಂಗ್ ನೋಟ್‌ಬುಕ್ ಸಾಕು. ಕೌಂಟರಿನಲ್ಲಿ ಯಾರಿಗಾದರೂ 'ಇಲ್ಲ' ಅಂದಾಗ ಅದರಲ್ಲಿ ಒಂದು ಸಾಲು ಬರೀಬೇಕು. ತಾರೀಕು, ಏನು ಕೇಳಿದರು, ಯಾವ ಭಾಷೆ, ಯಾವ ಊರು, ಎಷ್ಟರೊಳಗೆ ಬೇಕು, ಕೊನೆಗೆ ಏನಾಯ್ತು. ಓದುಗರ ಹೆಸರು ಬೇಡ. ಒಂದು ನಂಬರಿನ ಚೀಟಿ ಕೊಟ್ಟರಾಯ್ತು, ಮುಂದಿನ ಸಲ ಬಂದಾಗ ಅದನ್ನೇ ತೋರಿಸ್ತಾರೆ.

ಆರು ತಿಂಗಳಾದ ಮೇಲೆ ಆ ನೋಟ್‌ಬುಕ್ ತೆಗೆದು ನೋಡಿದರೆ ಬೇಡಿಕೆಗಳು ತಾವಾಗೇ ಬೇರೆಯಾಗ್ತವೆ.

ಒಂದೇ ಪುಸ್ತಕವನ್ನು ಇಪ್ಪತ್ತು ಜನ ಕೇಳಿದ್ದರೆ, ಅದನ್ನು ಕೊಳ್ಳಬೇಕು. ಒಬ್ಬರೇ ಕೇಳಿದ, ಅಂಗಡಿಯಲ್ಲಿ ಸಿಗದ ಪುಸ್ತಕವಾಗಿದ್ದರೆ, ಎರವಲು ತರಿಸಬೇಕು. ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕವಾಗಿದ್ದರೆ, ಡಿಜಿಟಲ್ ಪ್ರತಿ ಹುಡುಕಿ ತೋರಿಸಬೇಕು, ದೊಡ್ಡ ಅಕ್ಷರದ ಪರದೆಯಲ್ಲಿ. ಒಂದು ಭಾಷೆಯೇ ರ‍್ಯಾಕಿನಲ್ಲಿ ಇಲ್ಲ ಅಂತಾದರೆ, ಆ ಭಾಷೆಯ ಪಕ್ಕದೂರಿನಿಂದ ಪೆಟ್ಟಿಗೆ ತರಿಸಬೇಕು. ಕೇಳೋರಿಗೆ ಪುಸ್ತಕದ ಹೆಸರೇ ಗೊತ್ತಿಲ್ಲ, 'ಹೊಲದ ಪತ್ರ ತಿದ್ದುಪಡಿ ಬಗ್ಗೆ ಏನಾದರೂ ಅದೇನ್ರಿ' ಅಂತಾರೆ ಅಂದರೆ, ಅವರಿಗೆ ಬೇಕಾದದ್ದು ಕೂತು ಮಾತಾಡೋ ಗ್ರಂಥಪಾಲಕರು.

ಐದು ಬೇರೆ ಬೇರೆ ರೋಗ, ಐದು ಬೇರೆ ಮದ್ದು. ಇವತ್ತು ಐದಕ್ಕೂ ಸಿಗ್ತಿರೋದು ಒಂದೇ ಪದ: 'ಇಲ್ರೀ.'

ಹೆಸರು ಯಾಕೆ ಬೇಡ ಅಂತಲೂ ಹೇಳಿಬಿಡ್ತೀನಿ. ನಮ್ಮಂಥ ಊರಲ್ಲಿ ಮೊದಲ ಪ್ರಶ್ನೆ 'ನೀ ಯಾರ ಮನಿಯಾಕಿ?' ಒಬ್ಬ ಹೆಣ್ಣುಮಗಳು ವಿಚ್ಛೇದನದ ಕಾನೂನಿನ ಪುಸ್ತಕ ಕೇಳಬಹುದು. ಒಬ್ಬರು ತಮಗೆ ಬಂದಿರೋ ಕಾಯಿಲೆ ಬಗ್ಗೆ ಕೇಳಬಹುದು. ಇನ್ನೊಬ್ಬರು ಬೇರೆ ಧರ್ಮದ ಗ್ರಂಥ ಕೇಳಬಹುದು. ಎರವಲಿನಲ್ಲಿ ಚೀಟಿ ಮೂರು ನಾಲ್ಕು ಮೇಜು ದಾಟುತ್ತೆ. ಕಳಿಸೋ ಗ್ರಂಥಾಲಯಕ್ಕೆ ಬೇಕಾದದ್ದು ಕೇಳಿದ ಗ್ರಂಥಾಲಯದ ಹೆಸರು ಮಾತ್ರ. ಓದುಗರ ಹೆಸರು ಮೊದಲ ಮೇಜಿನಲ್ಲೇ ನಿಲ್ಲಬೇಕು, ಪುಸ್ತಕ ಮರಳಿದ ಮೇಲೆ ಅಲ್ಲಿಂದಲೂ ಅಳಿಸಬೇಕು. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಇದು ಮರ್ಯಾದೆಯ ಪ್ರಶ್ನೆ. ಬಳಕೆದಾರರನ್ನು ಅರ್ಥ ಮಾಡಿಕೊಳ್ಳೋದು ಅಂದರೆ ಅವರ ಬೆನ್ನು ಹತ್ತೋದಲ್ಲ.

ಕಮಲಾಪುರದ ಮಾಸ್ತರರಿಗೆ ತಲುಪೋದು ಹೇಗೆ?

ಕಮಲಾಪುರ ಅಂದ ತಕ್ಷಣ ನಿಮಗೆ ಕೆಂಪು ಬಾಳೆಹಣ್ಣು ನೆನಪಾಗಬಹುದು. ಅದು ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರ. ಕಾಗದದ ಮೇಲೆ ಹತ್ತಿರವೇ. ಆದರೆ ಒಂದು ಪುಸ್ತಕಕ್ಕೆ ಬಂದು ಹೋಗೋದು ಅಂದರೆ ಅರ್ಧ ದಿನ, ತರೋಕೆ ಒಂದು ಸಲ, ಮರಳಿಸೋಕೆ ಇನ್ನೊಂದು ಸಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಗಿದೆ. ಆ ದಿನದ ಕೂಲಿ ಉಚಿತವಾಗಿಲ್ಲ.

ಪುಸ್ತಕವೇ ಅವರ ಊರಿನ ಪಂಚಾಯ್ತಿ ಗ್ರಂಥಾಲಯಕ್ಕೆ ಬರಬೇಕು. ಇಲ್ಲೊಂದು ಆಡಳಿತದ ಗಂಟು ಇದೆ. ನಗರದ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯವು. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಡಲಾಯಿತು. ಅವುಗಳ ಹೊಸ ಹೆಸರು ಅರಿವು ಕೇಂದ್ರ. ಹೀಗಾಗಿ ಕೋಟೆಯಿಂದ ಕಮಲಾಪುರಕ್ಕೆ ಪುಸ್ತಕ ಹೋಗಬೇಕು ಅಂದರೆ ಚೀಟಿ 35 ಕಿ.ಮೀ. ಜೊತೆಗೆ ಎರಡು ಇಲಾಖೆಯನ್ನೂ ದಾಟಬೇಕು. ಜ್ಞಾನಗಂಗಾ ಆವರಣದ ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯಲ್ಲಿರೋ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದರೆ ಮೂರನೇ, ನಾಲ್ಕನೇ ಆಡಳಿತ. ತಾಂತ್ರಿಕವಾಗಿ ಇದು ದೊಡ್ಡ ಕೆಲಸ ಅಲ್ಲ. ಕೋಹಾದಂಥ ಮುಕ್ತ ತಂತ್ರಾಂಶದಲ್ಲಿ ಎರವಲಿನ ವ್ಯವಸ್ಥೆ ಮೊದಲೇ ಇದೆ. ಕಷ್ಟ ಇರೋದು ಯಾರು ಯಾರಿಗೆ ಜವಾಬ್ದಾರಿ ಅನ್ನೋ ಒಂದು ಪುಟದ ಒಪ್ಪಂದ ಬರೆಯೋದರಲ್ಲಿ.

ಸಾಗಾಟದ ಖರ್ಚು? 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಪುಸ್ತಕದವರೆಲ್ಲ ಕಂಗಾಲಾಗಿದ್ದರು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂದಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆ.ಜಿ. ತನಕ 100 ರೂಪಾಯಿ, ಮೇಲೆ ತೆರಿಗೆ. ಎಲ್ಲಿದೆ ಅಂತ ಟ್ರ್ಯಾಕ್ ಮಾಡಬಹುದು. ನಾವು ತರಿಸಿಕೊಳ್ಳೋ ಒಂದು ಬಿರಿಯಾನಿಯ ಡೆಲಿವರಿ ಚಾರ್ಜು, ಟಿಪ್ಪು ಸೇರಿಸಿದರೆ ಒಂದು ಪುಸ್ತಕ ಹೈದರಾಬಾದಿನಿಂದ ಬರುತ್ತೆ.

ದುಡ್ಡು ಎಲ್ಲಿಂದ ಅನ್ನೋರಿಗೆ ಒಂದು ಮಾತು. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇರುತ್ತೆ. ನಮ್ಮಪ್ಪ, ನಿಮ್ಮಪ್ಪ ವರ್ಷಾವರ್ಷ ಕಟ್ಟಿಕೊಂಡು ಬಂದಿದ್ದಾರೆ. ನಾವು ಕೇಳೋದು ಯಾರ ಔದಾರ್ಯವನ್ನೂ ಅಲ್ಲ.

ನೀವು ಏನು ಮಾಡಬಹುದು?

ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತು ಇದನ್ನ ಓದ್ತಿರೋರಿಗೆ ಮೂರು ಕೆಲಸ ಹೇಳ್ತೀನಿ. ಮೂರೂ ಸಣ್ಣವು.

ಮೊದಲನೆಯದು, ನಿಮ್ಮ ಕಂಪನಿ ಅಥವಾ ಓದಿದ ಕಾಲೇಜಿನ ಗ್ರಂಥಾಲಯ ಡೆಲ್ನೆಟ್ ಸದಸ್ಯನಾ ಅಂತ ಕೇಳಿ. ಆಗಿದ್ದರೆ ಊರಲ್ಲಿರೋ ಅಪ್ಪನಿಗೋ, ಹಳೇ ಮಾಸ್ತರರಿಗೋ ಬೇಕಾದ ಪುಸ್ತಕ ಎಲ್ಲಿದೆ ಅಂತ ಹುಡುಕಿ ಹೇಳೋದು ನಿಮ್ಮ ಕೈಲಾಗುತ್ತೆ. ಎಲ್ಲಿದೆ ಅಂತ ಗೊತ್ತಾದರೇನೇ ಅರ್ಧ ದಾರಿ ಮುಗಿದ ಹಾಗೆ.

ಎರಡನೆಯದು, ಮನೆಯ ಹಿರಿಯರನ್ನ ಒಂದು ಪ್ರಶ್ನೆ ಕೇಳಿ: "ಓದಬೇಕು ಅಂತಿದ್ದು ಸಿಗದೇ ಹೋದ ಪುಸ್ತಕ ಯಾವುದು?" ಉತ್ತರ ನಿಮ್ಮನ್ನ ಬೆರಗುಗೊಳಿಸಬಹುದು. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಏಳನೇ ಇಯತ್ತೆ ಓದಿದಾಕೆ. ಹೊಲಿಗೆಯ ಕಟಿಂಗ್ ಲೆಕ್ಕ ಇರೋ ಒಂದು ಹಳೇ ಕನ್ನಡ ಪುಸ್ತಕ ಬೇಕಿತ್ತು ಅಂದಳು. ಆಕೆಗೆ ಅದು ಬೇಕಿರೋದು ಈಗ ಮೂವತ್ತು ವರ್ಷದಿಂದ, ಯಾರೂ ಕೇಳಿರಲಿಲ್ಲ.

ಮೂರನೆಯದು, ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ಗ್ರಂಥಾಲಯಕ್ಕೆ ಹೋಗಿ ಅಲ್ಲಿ ಇಲ್ಲದ ಒಂದು ಪುಸ್ತಕ ಕೇಳಿ. 'ಇಲ್ಲ' ಅಂದರೆ ಹಾಗೇ ವಾಪಸ್ ಬರಬೇಡಿ. ಒಂದು ಚೀಟಿಯಲ್ಲಿ ಪುಸ್ತಕದ ಹೆಸರು, ಲೇಖಕರು, ಭಾಷೆ, ನಿಮ್ಮ ಊರು ಬರೆದು, "ಇದನ್ನ ಬೇರೆ ಕಡೆಯಿಂದ ತರಿಸೋಕೆ ಆಗ್ತದೇನ್ರಿ?" ಅಂತ ಮರ್ಯಾದೆಯಿಂದ ಕೇಳಿ ಕೊಟ್ಟು ಬನ್ನಿ. ನಿಮಗೆ ಆ ಪುಸ್ತಕ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಆದರೆ ಒಬ್ಬರು ಕೊಟ್ಟ ಚೀಟಿ ಕಸದ ಬುಟ್ಟಿಗೆ ಹೋಗಬಹುದು, ಐವತ್ತು ಜನ ಕೊಟ್ಟರೆ ಅದಕ್ಕೊಂದು ಫೈಲ್ ಬೇಕಾಗುತ್ತೆ. ಆ ಫೈಲೇ ನಾನು ಹೇಳಿದ ನೋಟ್‌ಬುಕ್.

ಯಾರು ಬಳಸ್ತಾರೆ ಅನ್ನೋ ಪ್ರಶ್ನೆಗೆ ಉತ್ತರ ಆ ಫೈಲಿನಲ್ಲಿರುತ್ತೆ. ಮಾಸ್ತರರು, ಚಾಚಾ, ಸೊಲ್ಲಾಪುರದ ಅಕ್ಕ, ನಮ್ಮತ್ತೆ ಎಲ್ಲರೂ ಅಲ್ಲಿರ್ತಾರೆ, ಹೆಸರಿಲ್ಲದೆ, ಬೇಕಾದ ಪುಸ್ತಕದ ಹೆಸರಿನ ಜೊತೆ.